ಅಪಾಯಾಂಕ ಮತ್ತು ಶ್ರಾವಕನ ವಿವೇಕ

ಮನೆಯ ಹಿರಿಯರೊಬ್ಬರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಬೇಕೋ ಬೇಡವೋ ಎಂಬುದು ಗೃಹಸ್ಥನು ಕೈಗೊಳ್ಳಬೇಕಾದ ನಿರ್ಣಯಗಳಲ್ಲಿ ಅತ್ಯಂತ ಕಠಿಣವಾದದ್ದು. ಹಿಂದಿನ ತಲೆಮಾರಿನವರು ವೈದ್ಯರ ಮುಖಭಾವವನ್ನು ನೋಡಿ, ಅವರ ಮಾತಿನ ಧಾಟಿಯನ್ನು ಅಳೆದು ತೀರ್ಮಾನಿಸುತ್ತಿದ್ದರು. ಈಗ ವೈದ್ಯರು ಒಂದು ಅಂಕಿಯನ್ನು ಹೇಳುತ್ತಾರೆ. ಹೃದಯದ ದೊಡ್ಡ ಶಸ್ತ್ರಚಿಕಿತ್ಸೆಗಾಗಿ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳವರು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವೆಗೋ ಹೋಗುವುದು ವಾಡಿಕೆ. ಅಲ್ಲಿ ವೈದ್ಯರು ತಪಾಸಣೆಯ ಕಾಗದಗಳನ್ನು ಪರಿಶೀಲಿಸಿ, “ಇವರಿಗೆ ಶೇಕಡಾ ಎಂಟರಷ್ಟು ರಿಸ್ಕ್ ಇದೆ” ಎನ್ನುತ್ತಾರೆ. ಆ ಒಂದು ಮಾತು ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಹಲವು ಅರ್ಥಗಳನ್ನು ಪಡೆದಿರುತ್ತದೆ. ಹಿರಿಯ ಮಗನಿಗೆ ಅದು “ಬೇಡ” ಎಂದು ಕೇಳಿಸುತ್ತದೆ. ಕಿರಿಯವನಿಗೆ “ತೊಂಬತ್ತೆರಡು ಪಾಲು ಒಳ್ಳೆಯದೇ ಆಗುತ್ತದೆ” ಎಂದು ಕೇಳಿಸುತ್ತದೆ. ನೆಂಟರು “ಆಯುಷ್ಯ ಗಟ್ಟಿಯಿದ್ದರೆ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ” ಎಂದು ಮುಗಿಸಿಬಿಡುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತಿರುವ ತಾಯಿಯನ್ನು ಮಾತ್ರ ಎಷ್ಟೋ ಸಲ ಯಾರೂ ಕೇಳಿರುವುದಿಲ್ಲ.

ಆದ್ದರಿಂದ ಮೂರು ಪ್ರಶ್ನೆಗಳು ವಿಚಾರಣೀಯವಾಗಿವೆ. ಈ ಅಂಕಿಯು ಯಾವ ಬಗೆಯ ಸತ್ಯ? ಅದನ್ನು ತಿಳಿಯುವ ಅಧಿಕಾರ ಯಾರದು? ವೈದ್ಯಕೀಯ ನೆರವು ನೀಡುವ ನಮ್ಮ ಬಸದಿಗಳ ಟ್ರಸ್ಟುಗಳು ಇದನ್ನು ಅಳತೆಗೋಲಾಗಿ ಬಳಸಬಹುದೇ?

ಅಂಕಿ ಹುಟ್ಟಿದ ಬಗೆ

ವೈದ್ಯರು ರಿಸ್ಕ್ ಸ್ಕೋರ್ ಎನ್ನುವುದನ್ನು ನಾವಿಲ್ಲಿ ಅನುಕೂಲಕ್ಕಾಗಿ ಅಪಾಯಾಂಕ ಎಂದು ಕರೆಯೋಣ. ಅರಿವಳಿಕೆ ಕೊಡುವ ವೈದ್ಯರು ರೋಗಿಯ ದೇಹಸ್ಥಿತಿಯನ್ನು ದರ್ಜೆಗಳಾಗಿ ವಿಂಗಡಿಸುವ ಪದ್ಧತಿ ಅಮೆರಿಕದಲ್ಲಿ 1941ರಲ್ಲಿ ಮೊದಲಾಯಿತು. 1977ರಲ್ಲಿ ಲೀ ಗೋಲ್ಡ್‌ಮನ್ ಮತ್ತು ಅವರ ಸಂಗಡಿಗರು ಸಾವಿರದೊಂದು ರೋಗಿಗಳ ವಿವರಗಳನ್ನು ಪರಿಶೀಲಿಸಿ, ಹೃದಯಕ್ಕೆ ಸಂಬಂಧಿಸದ ಶಸ್ತ್ರಚಿಕಿತ್ಸೆಗಳಲ್ಲಿ ಹೃದಯಕ್ಕೆ ಒದಗಬಹುದಾದ ಅಪಾಯವನ್ನು ಅಂಕಗಳಲ್ಲಿ ಹೇಳುವ ಕ್ರಮವನ್ನು ಪ್ರಕಟಿಸಿದರು. ಹೃದಯದ ಶಸ್ತ್ರಚಿಕಿತ್ಸೆಗೆ 1999ರಲ್ಲಿ ಯೂರೋಸ್ಕೋರ್ ಎಂಬುದು ಬಂದಿತು. ಯುರೋಪಿನ 8 ದೇಶಗಳ 128 ಆಸ್ಪತ್ರೆಗಳಲ್ಲಿ 1995ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು ಹತ್ತೊಂಬತ್ತು ಸಾವಿರ ಜನರ ದಾಖಲೆಗಳಿಂದ ಅದು ರೂಪುಗೊಂಡಿತು.

ಅದರ ಲೆಕ್ಕ ವ್ಯಾಪಾರಸ್ಥರಾದ ನಮಗೆ ಕಷ್ಟವಾದದ್ದಲ್ಲ. ಹದಿನೇಳು ಸಂಗತಿಗಳಿಗೆ ಅಂಕಗಳಿವೆ. ವಯಸ್ಸು ಅರವತ್ತು ದಾಟಿದರೆ ಪ್ರತಿ ಐದು ವರ್ಷದ ಮಜಲಿಗೆ ಒಂದು, ಸ್ತ್ರೀಯಾದರೆ ಒಂದು, ಕೇವಲ ಬೈಪಾಸ್ ಅಲ್ಲದೆ ಬೇರೆ ದೊಡ್ಡ ಕೆಲಸವಿದ್ದರೆ ಎರಡು, ಹೀಗೆ. ಹೃದಯದ ಕವಾಟ ಕಿರಿದಾಗಿರುವ ಎಪ್ಪತ್ತನಾಲ್ಕು ವರ್ಷದ ಅಜ್ಜಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಮೂತ್ರಪಿಂಡ, ಶ್ವಾಸಕೋಶ ಮೊದಲಾದವೆಲ್ಲ ಚೆನ್ನಾಗಿದ್ದರೂ ವಯಸ್ಸಿಗೆ ಮೂರು, ಸ್ತ್ರೀತ್ವಕ್ಕೆ ಒಂದು, ಕವಾಟದ ಕೆಲಸಕ್ಕೆ ಎರಡು ಸೇರಿ ಆರು ಅಂಕಗಳಾಗುತ್ತವೆ. ಆರು ಮತ್ತು ಅದಕ್ಕಿಂತ ಮೇಲಿನವರೆಲ್ಲರೂ ಆ ಕ್ರಮದಲ್ಲಿ “ಹೆಚ್ಚಿನ ಅಪಾಯ”ದ ಗುಂಪಿಗೆ ಸೇರಿದವರು. ಇಂದು ಇದಕ್ಕಿಂತ ಸೂಕ್ಷ್ಮವಾದ ಲೆಕ್ಕಗಳು ಬಂದಿವೆ, ಗಣಕಯಂತ್ರವೇ ಕ್ಷಣಮಾತ್ರದಲ್ಲಿ ಶೇಕಡಾವಾರು ಉತ್ತರ ಕೊಡುತ್ತದೆ. ಆದರೆ ಮೂಲತತ್ತ್ವ ಅದೇ: ಹಿಂದೆ ಇಂಥ ಲಕ್ಷಣಗಳಿದ್ದವರಲ್ಲಿ ಎಷ್ಟು ಮಂದಿ ಉಳಿದರು, ಎಷ್ಟು ಮಂದಿ ಉಳಿಯಲಿಲ್ಲ ಎಂಬುದರ ಎಣಿಕೆ.

ಸ್ಯಾತ್ ಎಂದರೆ ಬಹುಶಃ ಅಲ್ಲ

ಶೇಕಡಾ ಎಂಟು ಎಂಬ ಮಾತನ್ನು ಕೇಳಿದವರು “ಹಾಗಾದರೆ ವೈದ್ಯರಿಗೇ ಖಚಿತವಿಲ್ಲ” ಎನ್ನುವುದುಂಟು. ಇದು ಸ್ಯಾದ್ವಾದವನ್ನು ಸಂಶಯವಾದವೆಂದು ತಿಳಿದವರ ಭ್ರಮೆಗೆ ಸಮಾನವಾದದ್ದು. ಸ್ಯಾತ್ ಎಂಬುದಕ್ಕೆ “ಬಹುಶಃ” ಎಂದು ಅರ್ಥವಲ್ಲ, “ಒಂದು ನಿರ್ದಿಷ್ಟ ಅಪೇಕ್ಷೆಯಿಂದ” ಎಂದು ಅರ್ಥ. ಆ ಅಪೇಕ್ಷೆಯಲ್ಲಿ ಮಾತು ನಿಶ್ಚಿತವೇ ಆಗಿರುತ್ತದೆ, ಅಪೇಕ್ಷೆಯನ್ನು ಮರೆತಾಗ ಅದೇ ಮಾತು ಮಿಥ್ಯೆಯಾಗುತ್ತದೆ. ಅಪಾಯಾಂಕವೂ ಅಂತಹುದೇ. ಇಂತಹ ನೂರು ಮಂದಿಯ ಸಮೂಹದ ಅಪೇಕ್ಷೆಯಿಂದ ಅದು ದೃಢವಾದ ಹೇಳಿಕೆ. ಈ ಒಬ್ಬ ವ್ಯಕ್ತಿಯ ಅಪೇಕ್ಷೆಯಿಂದ ಅದು ಅಪೂರ್ಣ.

ಈ ಸಾದೃಶ್ಯ ನಮ್ಮ ಅಭಿಮಾನದಿಂದ ಹುಟ್ಟಿದ ಕಲ್ಪನೆಯಲ್ಲ. ಭಾರತದ ಸಂಖ್ಯಾಶಾಸ್ತ್ರಕ್ಕೆ ತಳಹದಿ ಹಾಕಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1954ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಮ್ಮ ಶಾಸ್ತ್ರದ ತಾತ್ತ್ವಿಕ ಆಧಾರವನ್ನು ಚರ್ಚಿಸುತ್ತ ಸಪ್ತಭಂಗಿಯನ್ನು ಎತ್ತಿಕೊಂಡರು. 1957ರಲ್ಲಿ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರೂ ಸ್ಯಾದ್ವಾದವನ್ನು ಕುರಿತು ಬರೆದರು. ಇಬ್ಬರೂ ಜೈನರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು “ಆಯುಷ್ಯವಿದ್ದಷ್ಟೇ ಬದುಕು, ಚಿಕಿತ್ಸೆಯಿಂದ ಏನಾಗುತ್ತದೆ” ಎನ್ನುವವರಿಗೂ ಒಂದು ಮಾತು ಹೇಳಬೇಕು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಯಾರ ಆಯುವು ನಡುವೆ ಕುಗ್ಗಲಾರದು ಎಂಬುದನ್ನು ಹೆಸರಿಸಿ ಹೇಳಲಾಗಿದೆ: ದೇವನಾರಕಿಗಳು, ಚರಮೋತ್ತಮ ದೇಹದವರು, ಅಸಂಖ್ಯಾತ ವರ್ಷಗಳ ಆಯುವುಳ್ಳವರು. ನಮ್ಮಂತಹ ಸಾಮಾನ್ಯ ಮನುಷ್ಯರು ಆ ಪಟ್ಟಿಯಲ್ಲಿಲ್ಲ. ವಿಷ, ಶಸ್ತ್ರ, ವ್ಯಾಧಿ ಮುಂತಾದ ನಿಮಿತ್ತಗಳಿಂದ ನಮ್ಮ ಆಯುವು ಅಕಾಲದಲ್ಲಿ ಕ್ಷಯಿಸಬಹುದು. ಹಾಗಿರುವುದರಿಂದಲೇ ನಿಮಿತ್ತವನ್ನು ನಿವಾರಿಸುವ ಪ್ರಯತ್ನಕ್ಕೆ ಅರ್ಥವಿದೆ. ಉಗ್ರಾದಿತ್ಯಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಕಲ್ಯಾಣಕಾರಕವನ್ನೂ, ಮಂಗರಾಜನು ಹದಿನಾಲ್ಕನೆಯ ಶತಮಾನದಲ್ಲಿ ವಿಷಚಿಕಿತ್ಸೆಯ ಖಗೇಂದ್ರಮಣಿದರ್ಪಣವನ್ನೂ ರಚಿಸಿದ್ದು ನಿಷ್ಫಲ ಕಾರ್ಯಕ್ಕಾಗಿಯಲ್ಲ. ಅಪಾಯಾಂಕವು ಆಯುಷ್ಕರ್ಮದ ಲೆಕ್ಕಪತ್ರವಲ್ಲ. ಅದು ನಿಮಿತ್ತಗಳ ಎಣಿಕೆ ಮಾತ್ರ.

ಯಾವುದೇ ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವ ಎಂಬ ನಾಲ್ಕರ ಅಪೇಕ್ಷೆಯಿಂದ ನೋಡಬೇಕೆಂಬುದು ನಮ್ಮ ಪ್ರಮಾಣಶಾಸ್ತ್ರದ ರೀತಿ. ಈ ಅಂಕಿಯನ್ನೂ ಹಾಗೆಯೇ ನೋಡೋಣ.

ದ್ರವ್ಯ ಮತ್ತು ಕ್ಷೇತ್ರ

ಮೊದಲನೆಯದು ದ್ರವ್ಯ: ಈ ಅಂಕಿ ಯಾರದು? ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟಾ ಬಂದರಿನಿಂದ ಹತ್ತಿ ಹಡಗೇರುತ್ತಿತ್ತು, ಕುಮಟಾ ಹತ್ತಿ ಎಂಬ ಹೆಸರೇ ಹೊರದೇಶದ ಪೇಟೆಗಳಲ್ಲಿ ಚಲಾವಣೆಯಲ್ಲಿತ್ತು. ನೂರು ಹಡಗುಗಳಿಗೆ ವಿಮೆ ಕೊಡುವವನಿಗೆ ಅವುಗಳಲ್ಲಿ ಮೂರು ಮುಳುಗುತ್ತವೆ ಎಂಬ ಲೆಕ್ಕ ಸಿಕ್ಕರೆ ಸಾಕು, ಅವನು ಕಂತಿನ ದರವನ್ನು ನಿಗದಿ ಮಾಡಿಕೊಳ್ಳಬಲ್ಲ. ಯಾವ ಮೂರು ಎಂಬುದು ಅವನಿಗೆ ಬೇಕಿಲ್ಲ. ಆದರೆ ಒಂದೇ ಪತ್ತೇಮಾರಿಯಲ್ಲಿ ಕುಳಿತ ನಾವಿಕನಿಗೆ ಬೇಕಾದದ್ದು ಅದೊಂದೇ, ಮತ್ತು ಆ ಲೆಕ್ಕದಲ್ಲಿ ಇಲ್ಲದ್ದೂ ಅದೊಂದೇ. ಆಸ್ಪತ್ರೆ, ವಿಮಾ ಕಂಪನಿ, ಸರಕಾರ, ಟ್ರಸ್ಟು ಇವೆಲ್ಲ ನೂರು ಹಡಗುಗಳಿರುವವರು. ರೋಗಿಗೆ ಇರುವುದು ಒಂದೇ ದೇಹ. ಇಬ್ಬರಿಗೂ ಅಂಕಿ ಒಂದೇ ಆದರೂ ಅದರ ಅರ್ಥ ಒಂದೇ ಅಲ್ಲ.

ಇದಲ್ಲದೆ ಗುಂಪಿನ ಗಾತ್ರವನ್ನೂ ಗಮನಿಸಬೇಕು. ಮೊದಲ ಯೂರೋಸ್ಕೋರಿನಲ್ಲಿ ಆರು ಮತ್ತು ಮೇಲಿನ ಅಂಕದವರ ಗುಂಪಿನಲ್ಲಿ ಶೇಕಡಾ 11ಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಮೃತರಾಗಿದ್ದರು. ಆದರೆ ಆ ಗುಂಪಿನಲ್ಲಿ ಕೇವಲ ಆರು ಅಂಕ ಪಡೆದ ನಮ್ಮ ಅಜ್ಜಿಯಂಥವರೂ ಇದ್ದರು, ಹದಿಮೂರು ಹದಿನಾಲ್ಕು ಅಂಕದ, ಆಗಲೇ ಮರಣದ ಅಂಚಿನಲ್ಲಿದ್ದವರೂ ಇದ್ದರು. “ಹೆಚ್ಚಿನ ಅಪಾಯ” ಎಂಬ ಒಂದೇ ಚೀಟಿಯನ್ನು ಇಬ್ಬರ ಹಣೆಗೂ ಅಂಟಿಸಿದರೆ ಅದು ಸತ್ಯವಾಗುವುದಿಲ್ಲ.

ಎರಡನೆಯದು ಕ್ಷೇತ್ರ. ಕೆಂಪಡಿಕೆಯ ದರ್ಜೆಗಳನ್ನು ಹಿಡಿದು ಕುಮಟೆಯ ಚಾಲಿಯನ್ನು ಯಾವ ದಲಾಲನೂ ಬೆಲೆಕಟ್ಟುವುದಿಲ್ಲ. ಯುರೋಪಿನ ರೋಗಿಗಳಿಂದ ಹುಟ್ಟಿದ ಅಳತೆ ನಮ್ಮ ಕರಾವಳಿಯ ದೇಹಗಳಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದು ನ್ಯಾಯವಾದ ಪ್ರಶ್ನೆ. ಬಾಲ್ಯದ ಕೀಲುವಾತ ಜ್ವರದಿಂದ ಕವಾಟ ಕೆಟ್ಟವರು, ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ತುತ್ತಾದವರು ನಮ್ಮಲ್ಲಿ ಹೆಚ್ಚು. ಭಾರತದ ಆಸ್ಪತ್ರೆಗಳಲ್ಲಿ ಈ ಅಳತೆಗಳನ್ನು ಪರೀಕ್ಷಿಸಿ ನೋಡಿದವರಿಗೆ ಎಲ್ಲ ಕಡೆಯೂ ಒಂದೇ ಫಲ ದೊರೆತಿಲ್ಲ.

ಅದಕ್ಕಿಂತ ಮುಖ್ಯವಾಗಿ, ಆ ಹದಿನೇಳು ಕಲಮುಗಳಲ್ಲಿ ರಸ್ತೆಗೆ ಒಂದು ಕಲಮೂ ಇಲ್ಲ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರು, ಹೊನ್ನಾವರದಿಂದ ಸುಮಾರು 125, ಕುಮಟೆಯಿಂದ ಸುಮಾರು 145. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ದಕ್ಷಿಣಕ್ಕೆ ಕರೆದೊಯ್ಯುತ್ತಿದ್ದ ಆಂಬುಲೆನ್ಸು ಮಳೆಯಲ್ಲಿ ಶಿರೂರಿನ ಟೋಲ್‌ಗೇಟಿನ ಬಳಿ ಉರುಳಿ ನಾಲ್ವರು ಮೃತಪಟ್ಟರು. ಉತ್ತರ ಕನ್ನಡಕ್ಕೆ ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಅಂದು ಜಿಲ್ಲೆಯಾದ್ಯಂತ ಎದ್ದಿತು. ಆ ದಾರಿಯಲ್ಲಿ ಕಳೆದುಹೋಗುವ ಹೊತ್ತು, ಶಸ್ತ್ರಚಿಕಿತ್ಸೆಯ ನಂತರ ಊರಿಗೆ ಮರಳಿದಾಗ ಜ್ವರ ಬಂದರೆ ನೋಡುವವರು ಯಾರು, ರಕ್ತ ತೆಳುವಾಗಿಸುವ ಮಾತ್ರೆಗೆ ಬೇಕಾದ ಪರೀಕ್ಷೆಯನ್ನು ಎಲ್ಲಿ ಮಾಡಿಸುವುದು, ಇವು ಯಾವುವೂ ಅಂಕಿಯೊಳಗೆ ಬರುವುದಿಲ್ಲ. ಮನೆಯವರು ಇವನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು.

ಕಾಲ ಮತ್ತು ಭಾವ

ಮೂರನೆಯದು ಕಾಲ. 2010ರಲ್ಲಿ 43 ದೇಶಗಳ 154 ಆಸ್ಪತ್ರೆಗಳ 22,381 ರೋಗಿಗಳ ವಿವರಗಳನ್ನು ಸಂಗ್ರಹಿಸಿ, 2012ರಲ್ಲಿ ಯೂರೋಸ್ಕೋರನ್ನು ಪರಿಷ್ಕರಿಸಿದರು. ಆಗ ಒಂದು ವಿಷಯ ಬೆಳಕಿಗೆ ಬಂದಿತು. ಆ ರೋಗಿಗಳಲ್ಲಿ ನಿಜವಾಗಿ ತೀರಿಕೊಂಡವರು ಶೇಕಡಾ 3.9. ಹಳೆಯ ಲೆಕ್ಕಗಳ ಪ್ರಕಾರ ತೀರಿಕೊಳ್ಳಬೇಕಾಗಿದ್ದವರು ಒಂದು ವಿಧಾನದಲ್ಲಿ ಶೇಕಡಾ 5.8, ಇನ್ನೊಂದರಲ್ಲಿ 7.57. ಹದಿನೈದು ವರ್ಷಗಳಲ್ಲಿ ಅರಿವಳಿಕೆ, ಯಂತ್ರ, ಶುಶ್ರೂಷೆ ಎಲ್ಲವೂ ಸುಧಾರಿಸಿದ್ದವು, ಹಳೆಯ ಅಂಕಿ ಮಾತ್ರ ನಿಂತಲ್ಲೇ ನಿಂತಿತ್ತು. ಹಳೆಯ ತಕ್ಕಡಿಯಲ್ಲಿ ತೂಗಿ “ಭಾರ ಹೆಚ್ಚು” ಎಂದು ಎಷ್ಟು ಮಂದಿಯನ್ನು ಹಿಂದಕ್ಕೆ ಕಳುಹಿಸಿರಬಹುದು ಎಂದು ಯೋಚಿಸಿದರೆ ಮನಸ್ಸು ಕಳವಳಗೊಳ್ಳುತ್ತದೆ.

ನಾಲ್ಕನೆಯದು ಭಾವ. ಇದೇ ನಮ್ಮ ಧರ್ಮಕ್ಕೆ ಹೆಚ್ಚು ಹತ್ತಿರವಾದದ್ದು, ಏಕೆಂದರೆ ಹಿಂಸೆಯ ನಿರ್ಣಯವು ಕೊನೆಗೆ ಭಾವದಲ್ಲೇ ನಿಲ್ಲುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1989ರಿಂದ ಬೈಪಾಸ್ ಶಸ್ತ್ರಚಿಕಿತ್ಸೆಯ ಸಾವುಗಳನ್ನು ಅಪಾಯಾಂಕದ ಸಹಾಯದಿಂದ ಸರಿದೂಗಿಸಿ ಲೆಕ್ಕಹಾಕತೊಡಗಿದರು. 1990ರಲ್ಲಿ ಆಸ್ಪತ್ರೆಗಳ ಪಟ್ಟಿಯೂ, ಪತ್ರಿಕೆಯೊಂದು ನ್ಯಾಯಾಲಯಕ್ಕೆ ಹೋದ ಬಳಿಕ 1991ರಲ್ಲಿ ಒಬ್ಬೊಬ್ಬ ವೈದ್ಯರ ಅಂಕಿಗಳೂ ಬಹಿರಂಗವಾದವು. ಇದರಿಂದ ಒಳಿತಾಗಿಲ್ಲವೆನ್ನಲಾಗದು. 1989ರಲ್ಲಿ ಶೇಕಡಾ 4.17 ಇದ್ದ ಸರಿದೂಗಿಸಿದ ಸಾವಿನ ಪ್ರಮಾಣ 1992ರಲ್ಲಿ 2.45ಕ್ಕೆ ಇಳಿಯಿತು. ಆದರೆ ಇದೇ ರೀತಿ ಅಂಕಿಗಳನ್ನು ಪ್ರಕಟಿಸುತ್ತಿದ್ದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ವೈದ್ಯರನ್ನೇ ಕೇಳಿ 1996ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರಿಸಿದ ಹೃದಯ ಶಸ್ತ್ರವೈದ್ಯರಲ್ಲಿ ಶೇಕಡಾ 63 ಮಂದಿ ತೀವ್ರ ಅಸ್ವಸ್ಥರಿಗೆ ಶಸ್ತ್ರಚಿಕಿತ್ಸೆ ಮಾಡಲು ತಮಗೆ ಮೊದಲಿನಷ್ಟು ಮನಸ್ಸಿಲ್ಲವೆಂದರು. ಅಂಥ ರೋಗಿಗಳಿಗೆ ಶಸ್ತ್ರವೈದ್ಯರನ್ನು ಹುಡುಕುವುದು ಹೆಚ್ಚು ಕಷ್ಟವಾಗಿದೆಯೆಂದು ಹೃದಯತಜ್ಞರಲ್ಲಿ ಶೇಕಡಾ 59 ಮಂದಿ ಹೇಳಿದರು. ರೋಗಿಯನ್ನು ಕಾಯಬೇಕಾದ ಅಂಕಿಯು ವೈದ್ಯನ ಕೀರ್ತಿಯನ್ನು ಕಾಯುವ ಗುರಾಣಿಯಾಯಿತು.

ಈ ಮೋಹ ಹೊಸದಲ್ಲ. ಚರಕಸಂಹಿತೆಯು ರೋಗಗಳನ್ನು ಸುಖಸಾಧ್ಯ, ಕಷ್ಟಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸಿ, ಅಸಾಧ್ಯ ರೋಗವನ್ನು ಕೈಗೆತ್ತಿಕೊಂಡ ವೈದ್ಯನಿಗೆ ಧನ ಮತ್ತು ಯಶಸ್ಸಿನ ಹಾನಿಯಾಗುತ್ತದೆಂದು ಎಚ್ಚರಿಸುತ್ತದೆ. ಸುಶ್ರುತನು ಮೂತ್ರಾಶಯದ ಕಲ್ಲಿನ ಶಸ್ತ್ರಚಿಕಿತ್ಸೆಯ ಪ್ರಸಂಗದಲ್ಲಿ ಬೇರೊಂದು ದಾರಿಯನ್ನು ತೋರುತ್ತಾನೆ. ಶಸ್ತ್ರಚಿಕಿತ್ಸೆ ಮಾಡದಿದ್ದರೆ ಮರಣ ನಿಶ್ಚಿತ, ಮಾಡಿದರೆ ಸಂದೇಹ, ಆದುದರಿಂದ ಅಪ್ಪಣೆ ಪಡೆದು ಮಾಡಬೇಕು ಎಂಬುದು ಅವನ ಅಭಿಪ್ರಾಯ. ಇಲ್ಲಿ ಎರಡು ತತ್ತ್ವಗಳಿವೆ. ಒಂದು, ಮಾಡಿದರೆ ಏನು ಎಂಬುದನ್ನು ಮಾಡದಿದ್ದರೆ ಏನು ಎಂಬುದರ ಪಕ್ಕದಲ್ಲಿಟ್ಟೇ ತೂಗಬೇಕು. ಇನ್ನೊಂದು, ಹೇಳಿ ಕೇಳಿ ಮಾಡಬೇಕು.

ತಿಳಿಯುವ ಅಧಿಕಾರ ಯಾರದು

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಮಕ್ಕಳು ವೈದ್ಯರ ಕೋಣೆಗೆ ಹೋಗಿ, “ಅಮ್ಮನಿಗೆ ಹೇಳಬೇಡಿ ಡಾಕ್ಟರೇ, ಹೆದರುತ್ತಾರೆ” ಎನ್ನುತ್ತಾರೆ. ಪರರಿಗೆ ಪೀಡೆಯಾಗುವ ಸತ್ಯವನ್ನು ನುಡಿಯಬಾರದೆಂದು ಶ್ರಾವಕಾಚಾರದಲ್ಲಿ ಇದೆಯಲ್ಲ ಎಂಬ ಸಮರ್ಥನೆಯೂ ಇರುತ್ತದೆ. ಆದರೆ ಆ ನಿಯಮವು ಇನ್ನೊಬ್ಬರನ್ನು ಆಪತ್ತಿಗೆ ಒಡ್ಡುವ ಮಾತನ್ನು ತಡೆಯಲು ಇರುವಂಥದು. ಆಪತ್ತಿಗೆ ಒಳಗಾಗಲಿರುವವರಿಂದಲೇ ಆಪತ್ತನ್ನು ಮರೆಮಾಡುವುದಕ್ಕೆ ಅದು ಅನುಮತಿಪತ್ರವಲ್ಲ. ಅನೇಕ ವೇಳೆ ನಾವು ಮುಚ್ಚಿಡುವುದು ತಾಯಿಯ ಭಯವನ್ನು ಶಮನಗೊಳಿಸಲು ಅಲ್ಲ, ಅವಳ ಕಣ್ಣೀರಿನ ಎದುರು ಕುಳಿತುಕೊಳ್ಳುವ ಧೈರ್ಯ ನಮಗಿಲ್ಲವೆಂದು.

ನೆಲದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿ 16ರಂದು ಸರ್ವೋಚ್ಚ ನ್ಯಾಯಾಲಯವು, ಅರಿವಳಿಕೆಯಲ್ಲಿದ್ದ ವಯಸ್ಕ ರೋಗಿಯ ಪರವಾಗಿ ತಾಯಿಯಿಂದ ಪಡೆದ ಒಪ್ಪಿಗೆ ಸಲ್ಲದೆಂದೂ, ಚಿಕಿತ್ಸೆಯ ಸ್ವರೂಪ, ಪರ್ಯಾಯ, ಮುಖ್ಯವಾದ ಅಪಾಯ, ನಿರಾಕರಿಸಿದರೆ ಆಗುವ ಪರಿಣಾಮ ಇವನ್ನು ರೋಗಿಗೇ ತಿಳಿಸಬೇಕೆಂದೂ ತೀರ್ಪಿತ್ತಿತು. ತುರ್ತುಸ್ಥಿತಿಯ ಮಾತು ಬೇರೆ. ಪ್ರಜ್ಞೆಯುಳ್ಳ ತಾಯಿಯ ಪರವಾಗಿ ಮಗನು ನಿರ್ಣಯಿಸುವುದು ವಾತ್ಸಲ್ಯವಿರಬಹುದು, ಆದರೆ ಅದು ಅವಳ ಒಪ್ಪಿಗೆಯಲ್ಲ.

ಶ್ರಾವಿಕೆಗೆ ಇದರಲ್ಲಿ ಇನ್ನೂ ದೊಡ್ಡ ನಷ್ಟವಿದೆ. ಗಂಡಾಂತರ ಎದುರಾದಾಗ, ಇದು ಕಳೆಯುವವರೆಗೆ ಎಂದು ಅವಧಿಯಿಟ್ಟು ಆಹಾರ ಪರಿಗ್ರಹಗಳನ್ನು ತ್ಯಜಿಸಿ, ಉಳಿದರೆ ಪಾರಣೆ ಮಾಡುವ, ಉಳಿಯದಿದ್ದರೆ ತ್ಯಾಗದಲ್ಲೇ ದೇಹ ಬಿಡುವ ಕ್ರಮ ನಮ್ಮ ಆಚಾರದಲ್ಲಿದೆ. ಎಲ್ಲರಲ್ಲೂ ಕ್ಷಮೆ ಕೇಳಿ, ಎಲ್ಲರಿಗೂ ಕ್ಷಮೆ ನೀಡಿ, ಸೊಸೆಯೊಡನೆ ಹತ್ತು ವರ್ಷಗಳಿಂದ ಉಳಿದಿದ್ದ ಮಾತೊಂದನ್ನು ಬಗೆಹರಿಸಿ, ಪಂಚನಮಸ್ಕಾರವನ್ನು ಸ್ಮರಿಸುತ್ತ ಆಪರೇಶನ್ ಥಿಯೇಟರಿಗೆ ಹೋಗುವ ಅವಕಾಶವನ್ನು, “ಏನೂ ಇಲ್ಲಮ್ಮ, ಸಣ್ಣ ಆಪರೇಶನ್” ಎಂಬ ಒಂದು ಮಾತು ಅವಳಿಂದ ಕಸಿದುಕೊಳ್ಳುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಅವಳು ಉಳಿದು ಬರುತ್ತಾಳೆ, ನಿಜ. ಉಳಿಯದಿದ್ದರೆ, ಜೀವನದುದ್ದಕ್ಕೂ ವ್ರತನಿಯಮಗಳನ್ನು ನಡೆಸಿದವಳನ್ನು ಕೊನೆಯ ಗಳಿಗೆಯಲ್ಲಿ ಅಜಾಗ್ರತೆಯಲ್ಲಿ ಕಳುಹಿಸಿಕೊಟ್ಟ ಹೊಣೆ ಯಾರದು?

ಹೇಳುವ ರೀತಿಯೂ ಮುಖ್ಯ. “ನೂರರಲ್ಲಿ ಎಂಟು ಮಂದಿ ಸಾಯುತ್ತಾರೆ” ಎಂಬುದೂ “ನೂರರಲ್ಲಿ ತೊಂಬತ್ತೆರಡು ಮಂದಿ ಮನೆಗೆ ಮರಳುತ್ತಾರೆ” ಎಂಬುದೂ ಒಂದೇ ಸತ್ಯದ ಎರಡು ನಯಗಳು. ಎರಡನ್ನೂ ಹೇಳಬೇಕು. ಒಂದನ್ನೇ ಆರಿಸಿ ಹೇಳುವವರು ಅರಿವಿದ್ದೋ ಇಲ್ಲದೆಯೋ ನಿರ್ಣಯವನ್ನು ತಾವೇ ಮಾಡಿದಂತಾಗುತ್ತದೆ.

ನಿಷ್ಪ್ರತೀಕಾರ ಎಂಬ ಮಾತು

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನೆಗೆ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಹೆಸರಿಸಿ, ಅವು ಪ್ರತೀಕಾರವಿಲ್ಲದವು ಆಗಿರಬೇಕೆಂಬ ವಿಶೇಷಣವನ್ನು ಸೇರಿಸುತ್ತದೆ. ಈ ವಿಶೇಷಣವೇ ಸಲ್ಲೇಖನೆಯನ್ನು ಆತ್ಮಹತ್ಯೆಯಿಂದ ಬೇರ್ಪಡಿಸುವ ಗೆರೆಗಳಲ್ಲಿ ಒಂದು. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಲ್ಲೇಖನೆಯನ್ನು ಅಪರಾಧವೆಂದು ಪರಿಗಣಿಸಿದಾಗ, ಮತ್ತು ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿದಾಗ, ನಾವೆಲ್ಲರೂ ಇದನ್ನು ಎತ್ತಿ ಹೇಳಿದೆವು. ಹಾಗಾದರೆ ಒಂದು ರೋಗವು ಪ್ರತೀಕಾರವಿಲ್ಲದ್ದೆಂದು ನಿರ್ಣಯಿಸುವುದು ಹೇಗೆ ಎಂಬುದಕ್ಕೂ ನಾವು ಉತ್ತರ ಕೊಡಬೇಕು.

ಅಪಾಯಾಂಕ ಹೆಚ್ಚು ಎಂದೊಡನೆ ರೋಗ ಪ್ರತೀಕಾರವಿಲ್ಲದ್ದಾಗುವುದಿಲ್ಲ. ಕಿರಿದಾದ ಕವಾಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2002ರ ಏಪ್ರಿಲಿನಲ್ಲಿ ಫ್ರಾನ್ಸಿನ ರೂಆನ್ ನಗರದಲ್ಲಿ ಆಲೇನ್ ಕ್ರಿಬಿಯೇ ಎಂಬ ವೈದ್ಯರು ಎದೆಯನ್ನು ತೆರೆಯದೆ ರಕ್ತನಾಳದ ಮೂಲಕ ಕವಾಟವನ್ನು ಕೂರಿಸಿದರು. 2010ರಲ್ಲಿ ಪ್ರಕಟವಾದ ಪಾರ್ಟ್‌ನರ್ ಎಂಬ ಅಧ್ಯಯನದಲ್ಲಿ, ಎದೆ ತೆರೆಯುವ ಶಸ್ತ್ರಚಿಕಿತ್ಸೆಗೆ ಯೋಗ್ಯರಲ್ಲವೆಂದು ತಜ್ಞರು ಕೈಬಿಟ್ಟ 358 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದೊಳಗೆ ಶೇಕಡಾ 50.7 ಮಂದಿ ತೀರಿಕೊಂಡರು, ಹೊಸ ವಿಧಾನದಲ್ಲಿ ಕವಾಟ ಪಡೆದವರಲ್ಲಿ ಶೇಕಡಾ 30.7. ಪ್ರತೀಕಾರವಿಲ್ಲವೆಂದು ಬರೆದಿಟ್ಟ ರೋಗಕ್ಕೆ ಎಂಟು ವರ್ಷಗಳ ಅಂತರದಲ್ಲಿ ಪ್ರತೀಕಾರ ದೊರೆಯಿತು. ಆ ಚಿಕಿತ್ಸೆ ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೂ ಇದೆ, ವೆಚ್ಚ ಮಾತ್ರ ಬಹಳ.

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಅಂಕಿಗಳನ್ನು ತೋರಿಸಿ, ಚಿಕಿತ್ಸೆಯ ಮೇಲೆ ಚಿಕಿತ್ಸೆ ಹೇರಿ, ಶಾಂತವಾಗಿ ಕಣ್ಣು ಮುಚ್ಚಬೇಕೆಂದಿರುವ ತೊಂಬತ್ತರ ವೃದ್ಧರನ್ನು ಯಂತ್ರಗಳ ನಡುವೆ ಮಲಗಿಸುವುದೂ ಹಿಂಸೆಯೇ. ಎರಡೂ ತುದಿಗಳು ಏಕಾಂತ. ಪ್ರತೀಕಾರವಿಲ್ಲವೆಂಬ ನಿರ್ಣಯಕ್ಕೆ ವೈದ್ಯನ ತಿಳಿವಳಿಕೆ, ರೋಗಿಯ ಸ್ವಂತ ಇಚ್ಛೆ, ಗುರುಗಳ ಸಮ್ಮತಿ ಮೂರೂ ಬೇಕು. ಅಂಕಿಯು ಮೊದಲನೆಯದರ ಒಂದು ಅಂಶ ಮಾತ್ರ. ಮಕ್ಕಳ ದಣಿವಾಗಲಿ, ಆಸ್ತಿಯ ಲೆಕ್ಕವಾಗಲಿ, ಖರ್ಚಿನ ಭಯವಾಗಲಿ ಸಲ್ಲೇಖನೆಯ ಹೆಸರನ್ನು ಧರಿಸಿ ಬಂದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ.

ಟ್ರಸ್ಟುಗಳ ಕರ್ತವ್ಯ

ನಮ್ಮ ಈ ಸೀಮೆಯಲ್ಲಿ ದಾನಕ್ಕೆ ಹಳೆಯ ಚರಿತ್ರೆಯಿದೆ. ಗೇರುಸೊಪ್ಪೆಯ ಚತುರ್ಮುಖ ಬಸದಿ, ಹಾಡುವಳ್ಳಿಯ ಬಸದಿಗಳು, ದಾನಿಯ ಹೆಸರನ್ನೇ ಹೊತ್ತಿರುವ ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ, ಇವು ಇಂದಿಗೂ ಅದಕ್ಕೆ ಸಾಕ್ಷಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವು ಇಂದು ಬಹುಮಟ್ಟಿಗೆ ಆಸ್ಪತ್ರೆಯ ಬಿಲ್ಲಿಗೆ ನೆರವು ನೀಡುವ ರೂಪವನ್ನು ತಾಳಿದೆ. ಅರ್ಜಿಗಳು ಹತ್ತು, ಹಣ ಮೂರಕ್ಕೆ ಸಾಲುವಷ್ಟು. ಆಗ “ಉಳಿಯುವವರಿಗೆ ಕೊಡೋಣ” ಎಂಬ ಸಲಹೆ ಸಹಜವಾಗಿ ಬರುತ್ತದೆ, ಅಪಾಯಾಂಕವು ಅದಕ್ಕೆ ಶಾಸ್ತ್ರೀಯ ಕಳೆಯನ್ನು ಕೊಡುತ್ತದೆ.

ಈ ಸಲಹೆಯನ್ನು ಕ್ರೂರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಂಕಿಯಿಲ್ಲದಿದ್ದರೆ ಆಯ್ಕೆಯು ಪರಿಚಯ, ನೆಂಟಸ್ತನ, ಅರ್ಜಿದಾರನ ವಾಕ್ಚಾತುರ್ಯ ಇವುಗಳ ಮೇಲೆ ನಡೆಯುತ್ತದೆ ಎಂಬುದನ್ನು ಯಾವ ಸಮಿತಿಯ ಸದಸ್ಯರೂ ಅಲ್ಲಗಳೆಯಲಾರರು. ಅದಕ್ಕಿಂತ ಅಂಕಿಯೇ ಮೇಲು. ಆದರೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. “ಈತನ ಅಪಾಯ ಎಷ್ಟು” ಎಂದು ಮಾತ್ರ ಕೇಳಿದರೆ ಸಾಲದು. “ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ, ಚಿಕಿತ್ಸೆಯಿಂದ ಎಷ್ಟು ಲಾಭ” ಎಂದು ಕೇಳಬೇಕು. ಮೇಲೆ ಹೇಳಿದ ಅಧ್ಯಯನದಲ್ಲಿ ಚಿಕಿತ್ಸೆ ಪಡೆದೂ ನೂರರಲ್ಲಿ ಮೂವತ್ತು ಮಂದಿ ವರ್ಷದೊಳಗೆ ತೀರಿಕೊಂಡರು. ಬರಿಯ ಅಪಾಯವನ್ನೇ ನೋಡುವ ಟ್ರಸ್ಟು ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಲಾರದು. ಆದರೆ ಆ ನೂರರಲ್ಲಿ ಇಪ್ಪತ್ತು ಮಂದಿ ಚಿಕಿತ್ಸೆಯ ದೆಸೆಯಿಂದಲೇ ಆ ವರ್ಷವನ್ನು ಕಂಡರು. ಇದಕ್ಕೆ ಪ್ರತಿಯಾಗಿ, ಅಪಾಯ ಶೇಕಡಾ ಒಂದೇ ಇದ್ದು, ಮಾಡದಿದ್ದರೂ ಹೆಚ್ಚಿನ ಹಾನಿಯಿಲ್ಲದ ಶಸ್ತ್ರಚಿಕಿತ್ಸೆಗಳೂ ಇವೆ. ಲಾಭವನ್ನು ತೂಗದೆ ಅಪಾಯವನ್ನು ಮಾತ್ರ ತೂಗಿದರೆ, ವಾರ್ಷಿಕ ವರದಿಯಲ್ಲಿ “ನೆರವು ಪಡೆದವರೆಲ್ಲರೂ ಗುಣಮುಖರಾದರು” ಎಂದು ಬರೆಯಬಹುದು. ಅದು ಪೆನ್ಸಿಲ್ವೇನಿಯಾದ ಶಸ್ತ್ರವೈದ್ಯರಿಗೆ ತಗುಲಿದ ರೋಗವೇ.

ಆದುದರಿಂದ ಟ್ರಸ್ಟುಗಳಿಗೆ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡಬಯಸುತ್ತೇನೆ. ಅಂಕಿಯನ್ನು ಕೇಳುವುದಾದರೆ ಚಿಕಿತ್ಸೆ ಮಾಡಿದರೆ ಮತ್ತು ಮಾಡದಿದ್ದರೆ ಎಂಬ ಎರಡನ್ನೂ ವೈದ್ಯರಿಂದ ಬರೆಯಿಸಿಕೊಳ್ಳಬೇಕು. ಯಾವ ಅರ್ಜಿಯನ್ನೂ ಅಂಕಿಯೊಂದರಿಂದಲೇ ತಿರಸ್ಕರಿಸಬಾರದು. ತಿರಸ್ಕರಿಸುವಾಗ “ಇವರು ಉಳಿಯುವುದಿಲ್ಲ” ಎಂದು ಬರೆಯದೆ “ನಮ್ಮಲ್ಲಿ ಹಣ ಸಾಲದು” ಎಂಬ ಸತ್ಯವನ್ನೇ ಬರೆಯಬೇಕು. ಮೊದಲನೆಯ ಮಾತು ನಮ್ಮ ಕೊರತೆಯನ್ನು ರೋಗಿಯ ದೇಹದ ಮೇಲೆ ಹೊರಿಸುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂತಹ ಸರಕಾರಿ ಯೋಜನೆಗಳ ನೆರವು ದೊರಕುವಂತಿದ್ದರೆ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಡುವುದೂ ದಾನವೇ, ಉಳಿದ ಹಣವನ್ನು ವಾಹನ, ವಸತಿ, ಜೊತೆಗಾರನ ಊಟ ಇವುಗಳಿಗೆ ಕೊಡಬಹುದು. ಕುಮಟೆಯ ಬಡ ಕುಟುಂಬವೊಂದು ಮಣಿಪಾಲದಲ್ಲಿ ಹದಿನೈದು ದಿನ ಉಳಿಯುವ ಖರ್ಚು ಯಾವ ಯೋಜನೆಯ ಲೆಕ್ಕಕ್ಕೂ ಸುಲಭವಾಗಿ ಬರುವುದಿಲ್ಲ. ಶಸ್ತ್ರಚಿಕಿತ್ಸೆ ಬೇಡವೆಂದು ರೋಗಿಯೇ ತಿಳಿದು ನಿರ್ಧರಿಸಿದ್ದರೆ ನೋವು ಶಮನದ ಔಷಧಿಗೆ, ಮನೆಯಲ್ಲಿ ಶುಶ್ರೂಷೆ ಮಾಡುವವರಿಗೆ ನೆರವು ನೀಡಬೇಕು. ಅದು ಸೋಲಿನ ಖರ್ಚಲ್ಲ, ಔಷಧದಾನದಷ್ಟೇ ಪವಿತ್ರವಾದದ್ದು.

ಮನೆಯವರಿಗೂ ಒಂದು ಮಾತು. ವೈದ್ಯರು ಅಂಕಿ ಹೇಳಿದಾಗ ಗಾಬರಿಗೊಳ್ಳದೆ ಕೇಳಿರಿ: ಇದು ಎಷ್ಟು ದಿನಗಳೊಳಗಿನ ಅಪಾಯ? ಈ ಆಸ್ಪತ್ರೆಯಲ್ಲಿ ಇಂಥವರಿಗೆ ಏನಾಗಿದೆ? ಮಾಡಿಸದಿದ್ದರೆ ಏನಾಗಬಹುದು? ಉಳಿದವರು ಹೇಗೆ ಬದುಕುತ್ತಾರೆ, ತಾವೇ ಎದ್ದು ಬಸದಿಗೆ ಹೋಗಬಲ್ಲರೇ? ಈ ಉತ್ತರಗಳನ್ನು ತಂದು ಹಿರಿಯರ ಮುಂದೆ ಇಡಿರಿ, ಅವಸರಪಡಿಸದೆ ಅವರ ಮಾತಿಗೆ ಕಾಯಿರಿ. ಅವರು “ಆಗಲಿ” ಎಂದರೆ ಜೊತೆಗೆ ಹೋಗಿರಿ, “ಬೇಡ” ಎಂದರೆ ಜೊತೆಗೆ ಕುಳಿತುಕೊಳ್ಳಿರಿ. ನಿರ್ಣಯ ಯಾವುದೇ ಆದರೂ ತಾನು ಒಬ್ಬಂಟಿಯಲ್ಲವೆಂಬ ಭರವಸೆ ರೋಗಿಗೆ ದೊರೆಯುವಂತೆ ನೋಡಿಕೊಳ್ಳುವುದು ಅಭಯದಾನ. ಅದನ್ನು ನೀಡಲು ಹಣವೂ ಬೇಕಿಲ್ಲ, ಅಂಕಿಯೂ ಬೇಕಿಲ್ಲ.